ರೊಕ್ಕವಿಲ್ಲದ ಸಂಘಕ್ಕೆ ಮಾತೇ ಬಂಡವಾಳ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟಬೇಕು, ಶಾಲೆಗೆ ನೆರವಾಗಬೇಕು ಎಂದು ಬೆಳಿಗ್ಗೆಯಿಂದ ಎಲ್ಲರೂ ಹೇಳುತ್ತಿದ್ದೀರಿ. ಕೈಯಲ್ಲಿ ಹಣವಿಲ್ಲದ ಸಂಘ ಜನರನ್ನು ಮುಟ್ಟುವುದು ಹೇಗೆ ಎಂಬುದು ನನಗೆ ಕೊಟ್ಟ ವಿಷಯ. ಸಣ್ಣಪುಟ್ಟ ಸಂಸ್ಥೆಗಳ ಪ್ರಚಾರದ ಕೆಲಸವನ್ನೇ ಮಾಡಿಕೊಂಡು ಬಂದವನು ನಾನು. ಆದ್ದರಿಂದ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಗೆಳೆಯರೆಲ್ಲ ಸೇರಿ ಗ್ರಂಥಾಲಯ ಕಟ್ಟಲು ಹೊರಟಿದ್ದೆವು. ಜನ ನಂಬಿ ಪಟ್ಟಿ ಕೊಟ್ಟರು. ನಾನು ಉತ್ಸಾಹದಿಂದ ದೊಡ್ಡ ದೊಡ್ಡ ಫ್ಲೆಕ್ಸ್ ಮಾಡಿಸಿದೆ, ಎಲ್ಲರ ಫೋಟೋ ಹಾಕಿಸಿದೆ. ಕೊನೆಗೆ ಲೆಕ್ಕ ನೋಡಿದರೆ ಪುಸ್ತಕಕ್ಕಿಂತ ಬ್ಯಾನರಿಗೇ ಹೆಚ್ಚು ಖರ್ಚಾಗಿತ್ತು. ಮರುವರ್ಷ ಹೋದಾಗ ಒಬ್ಬ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ, ‘ಹೋದ ವರ್ಷ ಕೊಟ್ಟ ರೊಕ್ಕ ಏನಾತಪ್ಪಾ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಘ ಅಲ್ಲಿಗೇ ನಿಂತಿತು. ಪ್ಲಾಸ್ಟಿಕ್ ಫ್ಲೆಕ್ಸನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. ಆದರೆ ನನಗೆ ಫ್ಲೆಕ್ಸ್ ಬಿಡಿಸಿದ್ದು ಆ ಅಜ್ಜಿಯ ಪ್ರಶ್ನೆ.

ಪ್ರಚಾರವೆಂದರೆ ನಮ್ಮನ್ನು ನಾವು ಹೊಗಳಿಕೊಳ್ಳುವುದಲ್ಲ, ಆ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಕೊಡುವುದು. ಇದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸ ಅಶೋಕನೇ ಎಂದು ಗುರುತಿಸಲು ನೆರವಾದ ಶಾಸನ ಅದು. ಅದೇ ಲಘು ಶಿಲಾಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ತಾನು ಉಪಾಸಕನಾದ ಮೇಲೂ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲವೆಂದು ಅದರಲ್ಲಿ ಅರಸನೇ ಒಪ್ಪಿಕೊಂಡಿದ್ದಾನೆ. ಚಕ್ರವರ್ತಿಯೇ ತನ್ನ ಕೊರತೆಯನ್ನು ಕಲ್ಲಿನಲ್ಲಿ ಬರೆಸಿದ ಮೇಲೆ ನಮ್ಮ ಸಂಘಕ್ಕೆ ಸೀಮೆಸುಣ್ಣದಲ್ಲಿ ಬರೆಯಲು ನಾಚಿಕೆ ಏಕೆ?

ಆದ್ದರಿಂದ ನನ್ನ ಮೊದಲ ಸಲಹೆ: ಶಾಲೆಯ ಗೇಟಿನ ಹತ್ತಿರ ಒಂದು ಕಪ್ಪು ಹಲಗೆ ಇಡೋಣ. ಪ್ರತಿ ತಿಂಗಳ ಕೊನೆಗೆ ಅದರಲ್ಲಿ ನಾಲ್ಕೇ ಸಾಲು ಇರಲಿ: ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು, ಉಳಿದದ್ದು ಎಷ್ಟು, ಮಾಡಲು ಆಗದೆ ಹೋದದ್ದು ಏನು. ಅದೇ ಹಲಗೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಬೆಂಗಳೂರು, ಪುಣೆಯಲ್ಲಿ ದುಡಿಯುವವರಿಗೂ ಮುಟ್ಟುತ್ತದೆ. ಓದಲು ಬಾರದ ಹಿರಿಯರಿಗೆ ಮಕ್ಕಳೇ ಓದಿ ಹೇಳಲಿ.

ಎರಡನೆಯದು, ಕೇಳುವುದನ್ನು ಬಿಡಿಸಿ ಕೇಳಬೇಕು. ‘ಶಾಲೆಗೆ ಸಹಾಯ ಮಾಡಿ’ ಎಂದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ‘ಹತ್ತಿ ಬಿಡಿಸುವ ದಿನಗಳಲ್ಲಿ ಪಾಠ ತಪ್ಪಿಸಿಕೊಂಡ ಹತ್ತನೇ ತರಗತಿಯ ಹುಡುಗಿಯರಿಗೆ ಸಂಜೆ ಗಣಿತ ಹೇಳಿಕೊಡಬೇಕು, ವಾರಕ್ಕೆ ಎರಡು ತಾಸು ಕೊಡುವವರು ಬೇಕು’ ಎಂದರೆ, ಬಿ.ಎಸ್ಸಿ. ಮುಗಿಸಿ ಊರಲ್ಲಿರುವ ಹುಡುಗ ಎದ್ದು ನಿಲ್ಲುತ್ತಾನೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕುಳಿತವರು ಸಾವಿರ ದಿನ ದಾಟಿದರೂ ಕೇಳಿದ್ದು ಅದೊಂದನ್ನೇ. ಹಾಗಾಗಿಯೇ ಅವರ ಬೇಡಿಕೆ ಜಿಲ್ಲೆಯ ಮನೆಮನೆಗೂ ಗೊತ್ತು.

ಪತ್ರಿಕೆಗೆ ಸುದ್ದಿ ಕೊಡಲು ಹಣ ಬೇಕಿಲ್ಲ. ಒಂದು ಪುಟದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಬರೆದು ‘ಸುದ್ದಿಮೂಲ’ದಂಥ ನಮ್ಮ ಜಿಲ್ಲೆಯ ಪತ್ರಿಕೆಗೆ, ರಾಯಚೂರು ಆಕಾಶವಾಣಿಗೆ ಕಳಿಸಿದರೆ ಸಾಕು. ವರದಿಗಾರರನ್ನು ಹಾರ ತುರಾಯಿಯ ದಿನ ಕರೆಯಬೇಡಿ, ಸಂಜೆ ಪಾಠ ನಡೆಯುವ ದಿನ ಕರೆಯಿರಿ.

ಇನ್ನು ಕೊನೆಯ ಮಾತು. ಇದನ್ನು ಹೇಳಲೆಂದೇ ಬಂದೆ. ನಾನು ಇನ್ನೂ ಈ ಹೈಸ್ಕೂಲಿಗೆ ಸೇರಿರಲಿಲ್ಲ, ಸಣ್ಣವನು. ದೂರದ ಒಂದು ಸಂಸ್ಥೆಯವರು ಬಂದು ಬಡ ಮಕ್ಕಳಿಗೆ ಅಂಗಿ ಹಂಚಿದರು. ಹರಿದ ಅಂಗಿಯಲ್ಲೇ ನಿಲ್ಲು ಎಂದು ಹೇಳಿ ನನ್ನ ಫೋಟೋ ತೆಗೆದರು. ಅದು ಪತ್ರಿಕೆಯಲ್ಲಿ ಬಂತು. ನಮ್ಮವ್ವ ಆ ಹೊಸ ಅಂಗಿಯನ್ನು ನನಗೆ ಒಂದು ದಿನವೂ ಹಾಕಲಿಲ್ಲ. ಕೊಟ್ಟವರು ಕೆಟ್ಟವರಲ್ಲ. ಆದರೆ ಹಣ ಕಡಿಮೆ ಇದ್ದಾಗ ಇನ್ನೊಬ್ಬರ ಮಾನವನ್ನು ಖರ್ಚು ಮಾಡುವ ಆಸೆ ಬರುತ್ತದೆ. ಅದಕ್ಕೆ ಬಿಲ್ಲಿಲ್ಲ, ರಸೀದಿಯಿಲ್ಲ.

ಬೇರೆ ದಾರಿಯೂ ಇದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋ ಆರಂಭವಾಯಿತು. ಆಗ ಇಂಥ ಸಂಸ್ಥೆಗಳಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇರಲಿಲ್ಲ. ಅದು ಸಿಕ್ಕಿದ್ದು 2006ರ ನೀತಿಯಿಂದ. ಅವರು ಕೇಬಲ್ ತಂತಿಯಲ್ಲೇ ಮನೆಗಳಿಗೆ ಧ್ವನಿ ಕಳಿಸಿದರು. ಹಳ್ಳಿಯ ಹೆಂಗಸರು ತಮ್ಮ ಕಷ್ಟಸುಖವನ್ನು ತಾವೇ ಮಾತಾಡಿದರು. ನಮ್ಮ ಮಕ್ಕಳೂ ಹಾಗೆ ಮಾತಾಡಲಿ. ಅವರ ಬಡತನದ ಚಿತ್ರ ಬೇಡ, ಅವರು ಬಿಡಿಸಿದ ಲೆಕ್ಕ, ಬರೆದ ಪ್ರಬಂಧ ತೋರಿಸೋಣ. ಫೋಟೋ ಬೇಕೆಂದರೆ ಮಗುವನ್ನೂ ಮನೆಯವರನ್ನೂ ಕೇಳೋಣ. ಬೇಡವೆಂದರೆ ನೆರವು ನಿಲ್ಲಬಾರದು.

ಗೆಳೆಯರೇ, ಶಾಲೆಗೆ ಐವತ್ತು ತುಂಬಿತು. ಸಂಘಕ್ಕೆ ಇನ್ನೂ ಒಂದು ದಿನವೂ ಆಗಿಲ್ಲ. ಮುಖ್ಯೋಪಾಧ್ಯಾಯರಲ್ಲಿ ಒಂದು ಬೇಡಿಕೆ: ಮೂಲೆಯಲ್ಲಿ ಹಳೆಯ ಕಪ್ಪು ಹಲಗೆ ಇದ್ದರೆ ನಮಗೆ ಕೊಡಿ. ಬಣ್ಣ ನಾನು ತರುತ್ತೇನೆ. ಈ ಸುವರ್ಣ ಮಹೋತ್ಸವದ ಜಮಾ ಖರ್ಚೇ ಅದರ ಮೇಲಿನ ಮೊದಲ ಬರಹವಾಗಲಿ.