ರಾತ್ರಿ ಬೀಗದ ಕೈ ಯಾರ ಹತ್ತಿರ?



ತೋಟದಲ್ಲಿ ಕೆಲಸ ಕಡಿಮೆಯಾದಾಗ ನಮ್ಮ ಹುಡುಗರು ಹೋಟೆಲು, ಲಾಡ್ಜುಗಳ ಕೆಲಸ ಹುಡುಕಿ ಹೋಗುತ್ತಾರೆ. ಕೊಲ್ಹಾಪುರದಲ್ಲಿ ನವರಾತ್ರಿಗೆ ಮಹಾಲಕ್ಷ್ಮಿ ಗುಡಿಯ ಸುತ್ತಲಿನ ಲಾಡ್ಜುಗಳೆಲ್ಲ ತುಂಬುತ್ತವೆ. ಕ್ರಿಸ್ಮಸ್ ಬಂತೆಂದರೆ ಗಡಹಿಂಗ್ಲಜದ ಮೇಲೆ ಆಂಬೋಲಿ ಘಟ್ಟ ಇಳಿದು ಗೋವೆಗೆ ಹೋಗುವ ಗಾಡಿಗಳ ಸಾಲು. ಇಚಲಕರಂಜಿಯ ಖಾನಾವಳಿಗಳಿಗಂತೂ ಸೀಜನ್ ಬೇಕಿಲ್ಲ. ಮಗ್ಗದವರು ಪಾಳಿ ಮುಗಿಸಿ ಬಂದಾಗಲೆಲ್ಲ ಒಲೆ ಉರಿಯುತ್ತಿರಬೇಕು.

ಇಂಥ ದಿನಗಳಲ್ಲಿ ಗಿರಾಕಿಗೆ ಕೋಣೆ, ಕೆಲಸದ ಹುಡುಗನಿಗೆ ಅಡಿಗೆಮನೆಯ ನೆಲ. ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಚಾಪೆ, ಶಟರ್ ಎಳೆದು ಹೊರಗಿನಿಂದ ಬೀಗ.

2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಒಂದು ಬಾರ್ ಮತ್ತು ರೆಸ್ಟೋರೆಂಟಿಗೆ ಬೆಂಕಿ ಬಿತ್ತು. ಗಿರಾಕಿಗಳೆಲ್ಲ ಹೋಗಿಯಾಗಿತ್ತು. ಒಳಗೆ ಮಲಗಿದ್ದ ಐದು ಮಂದಿ ಕೆಲಸಗಾರರು ಸತ್ತರು. 2025ರ ಡಿಸೆಂಬರಿನಲ್ಲಿ ಗೋವೆಯ ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 25 ಮಂದಿ ಸತ್ತಾಗಲೂ ಹೆಚ್ಚಿನವರು ಅಲ್ಲಿ ದುಡಿಯುತ್ತಿದ್ದವರೇ; ನೆಲಮಾಳಿಗೆಯಲ್ಲಿ ಉಸಿರುಕಟ್ಟಿದವರು ಅನೇಕರು. ಉರಿಗಿಂತ ಮೊದಲು ಕೊಲ್ಲುವುದು ಹೊಗೆ.

ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಅಪರಾಧ ಆ ಮನೆಯ ಮೇಲೆ ಎಂಬ ಆಜ್ಞೆ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿದೆ. ಬಿದ್ದವನು ಯಾಕೆ ಎಚ್ಚರ ತಪ್ಪಿದ ಎಂದು ಅಲ್ಲಿ ಕೇಳಿಲ್ಲ, ನೋಡಿರಿ! ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತೆಯ ಕಾನೂನೂ ಹೊಣೆಯನ್ನು ಕಟ್ಟಡದ ಮಾಲೀಕನ, ಅದನ್ನು ನಡೆಸುವವನ ಮೇಲೆಯೇ ಇಟ್ಟಿದೆ. ಆದ್ದರಿಂದ ಎರಡನೆಯ ಬಾಗಿಲು ಕೇಳುವುದು ಯಜಮಾನನ ದಯೆ ಬೇಡಿದಂತಲ್ಲ.

ಆದರೂ ಹುಡುಗರು ತಿಳಿದಿರಬೇಕಾದದ್ದು ಉಂಟು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಉರಿ ಚಿಮ್ಮಿ ಮೈಮೇಲೆ ಬರುತ್ತದೆ. ಗ್ಯಾಸ್ ಆರಿಸಿ ದೊಡ್ಡ ಮುಚ್ಚಳ ಮುಚ್ಚಬೇಕು. ಅಡಿಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಡುತ್ತದೆ. ಅಂದರೆ ಹುಡುಗ ಮಲಗಿದ ಜಾಗದಲ್ಲಿಯೇ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಡ್ಡಿ ಗೀರದೆ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಬೆಂಕಿಗೆ 101 ಅಥವಾ 112. ಹೊಗೆ ತುಂಬಿದರೆ ನಿಂತು ಓಡಬಾರದು, ನೆಲಕ್ಕೆ ಬಗ್ಗಿ ತೆವಳಬೇಕು. ಲಿಫ್ಟ್ ಹತ್ತಬಾರದು.

ತಾಯಂದಿರೇ, ಮಗ ಫೋನ್ ಮಾಡಿದಾಗ ಊಟ ಆಯಿತೇ, ಸಂಬಳ ಕೊಟ್ಟರೇ ಎಂದು ಕೇಳುತ್ತೇವೆ. ರಾತ್ರಿ ಎಲ್ಲಿ ಮಲಗುತ್ತೀಯಪ್ಪಾ, ಬೀಗದ ಕೈ ಯಾರ ಹತ್ತಿರ ಎಂದೂ ಕೇಳಿರಿ. ಹೊರಗಿನಿಂದ ಬೀಗ ಹಾಕುತ್ತಾರೆ ಎಂದರೆ ಆ ಹೋಟೆಲಿನ ಹೆಸರನ್ನು ನಮಗೆ ಕೊಡಿರಿ. ಮಾಲೀಕರ ಹತ್ತಿರ ನಾವೇ ಹೋಗಿ ಮಾತಾಡುತ್ತೇವೆ.