ಒಕ್ಕಲಿನವನ ಚರಿತ್ರೆ ಬರೆದ ವಿದುಷಿ
(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಅರಸರ ಹೆಸರು, ಯುದ್ಧದ ಇಸವಿ ಬಾಯಿಪಾಠ ಮಾಡುತ್ತ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿದವರು ನಮ್ಮಲ್ಲಿ ಬಹಳ ಮಂದಿ. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಎತ್ತಿ, ಗಿರಣಿಯ ಪಾಳಿ ಮುಗಿಸಿ ಬಂದವರಿಗೆ ಯಾರದೋ ದಂಡಯಾತ್ರೆಯಿಂದ ಆಗಬೇಕಾದುದೇನು? ಚರಿತ್ರೆಯೆಂದರೆ ಅಷ್ಟೇ ಅಲ್ಲವೆಂದು ತೋರಿಸಿದ ಒಬ್ಬ ವಿದುಷಿಯ ವಿಷಯವನ್ನು ಇಂದು ತಮ್ಮ ಮುಂದಿಡುತ್ತೇವೆ.

ಐಲೀನ್ ಪವರ್ 1889ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿನಲ್ಲಿ ಚರಿತ್ರೆ ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಆದರೆ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ; ಹೆಣ್ಣೆಂಬುದೇ ಕಾರಣ. ಪರೀಕ್ಷೆಗೆ ಕೂಡಬಹುದು, ಗಂಡಸರನ್ನು ಮೀರಿಸಬಹುದು, ಪದವಿ ಮಾತ್ರ ಕೇಳಬಾರದು! ಅಲ್ಲಿ ಸ್ತ್ರೀಯರಿಗೆ ಪೂರ್ಣ ಪದವಿ ದೊರೆತದ್ದು 1948ರಲ್ಲಿ. ಪವರ್ ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು. ಅಷ್ಟರೊಳಗೆ ಅವರು ಲಂಡನ್ನಿನಲ್ಲಿ ಆರ್ಥಿಕ ಚರಿತ್ರೆಯ ಪ್ರೊಫೆಸರರೂ ಆಗಿದ್ದರು.

1924ರಲ್ಲಿ ಅವರು 'ಮೀಡೀವಲ್ ಪೀಪಲ್' ಎಂಬ ಪುಸ್ತಕ ಬರೆದರು. ಅದರ ನಾಯಕರಲ್ಲೊಬ್ಬ ಬೋಡೋ ಎಂಬ ಬಡ ಒಕ್ಕಲು. 9ನೆಯ ಶತಮಾನದಲ್ಲಿ ಪ್ಯಾರಿಸ್ ಬಳಿಯ ಕ್ರೈಸ್ತ ಮಠವೊಂದು ತನ್ನ ಜಮೀನುಗಳ ಲೆಕ್ಕ ಬರೆಸಿತ್ತು: ಯಾವ ಹಿಡುವಳಿಯಲ್ಲಿ ಯಾರು, ಹೆಂಡತಿ ಯಾರು, ಮಕ್ಕಳೆಷ್ಟು, ಕೊಡಬೇಕಾದುದೇನು. ಮಠದವರು ಬರೆಸಿದ್ದು ವಸೂಲಿಗಾಗಿ. ಪವರ್ ಅದೇ ಲೆಕ್ಕದಿಂದ ಒಂದು ಸಂಸಾರವನ್ನೇ ಎಬ್ಬಿಸಿ ನಿಲ್ಲಿಸಿದರು. ಬೋಡೋ ವಾರದಲ್ಲಿ ಮೂರು ದಿನ ಮಠದ ಹೊಲದಲ್ಲಿ ದುಡಿಯಬೇಕು. ಹೆಂಡತಿ ಎರ್ಮೆನ್‌ಟ್ರೂಡ್ ಒಂದು ಕೊಬ್ಬಿದ ಕೋಳಿ, ಐದು ಮೊಟ್ಟೆ ಹಿಡಿದು ಪಾರುಪತ್ಯಗಾರನ ಮುಂದೆ ನಿಲ್ಲಬೇಕು. ಧಣಿಗಳ ಅಂಗಳಕ್ಕೆ ಗೇಣಿಯಕ್ಕಿ ಹೊತ್ತ ಮನೆಗಳಿಂದ ಬಂದವರು ಇಲ್ಲಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಟೆಲಿನ ಮಿತ್ರರಿಗೊಂದು ಮಾತು. 14ನೆಯ ಶತಮಾನದ ಕೊನೆಗೆ ಪ್ಯಾರಿಸಿನ ವೃದ್ಧ ಗೃಹಸ್ಥನೊಬ್ಬ ತನ್ನ ಎಳೆಯ ಹೆಂಡತಿಗಾಗಿ ಮನೆವಾರ್ತೆಯ ಪುಸ್ತಕ ಬರೆದಿದ್ದ. ಪವರ್ 1928ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಔತಣಕ್ಕೆ ಯಾವ ಅಂಗಡಿಯಿಂದ ಏನೆಷ್ಟು ತರಬೇಕು, ಯಾವ ಆಳು ಬೇಕು—ಎಲ್ಲವೂ ಮದುವೆಯಡಿಗೆ ವಹಿಸಿಕೊಂಡ ನಮ್ಮ ಭಟ್ಟರ ಚೀಟಿಯಂತೆಯೇ ಇದೆ.

ಪವರ್ ಒಬ್ಬರೇ ಅಲ್ಲ. ಜೋಡು ತಯಾರಿಸುವ ಕಾರಖಾನೆಯ ಮನೆತನದ ಆಲಿಸ್ ಕ್ಲಾರ್ಕ್ 1919ರಲ್ಲಿ, 17ನೆಯ ಶತಮಾನದ ದುಡಿಯುವ ಹೆಂಗಸರ ಚರಿತ್ರೆ ಬರೆದರು. ಕೆಲಸ ಮನೆಯಿಂದ ಹೊರಬಿದ್ದು ಬಂಡವಾಳಗಾರನ ಕೈಸೇರಿದಂತೆ ಹೆಂಗಸಿನ ಸ್ಥಾನ ಕುಗ್ಗಿತೆಂಬುದು ಆಕೆಯ ವಾದ. ಗಿರಣಿಗಳ ಕಾಲದ ಹೆಂಗಸರನ್ನು ಕುರಿತು 1930ರಲ್ಲಿ ಬರೆದ ಐವಿ ಪಿಂಚ್‌ಬೆಕ್ ಇದನ್ನು ಪೂರ್ತಿ ಒಪ್ಪಲಿಲ್ಲ. ನಮಗಂತೂ ಕ್ಲಾರ್ಕರ ಮಾತೇ ಸರಿಯೆನಿಸುತ್ತದೆ.

ಬೋಡೋನ ಮಕ್ಕಳು ವೀಡೋ, ಗೆರ್ಬರ್ಟ್, ಹಿಲ್ಡೆಗಾರ್ಡ್. ಸುಮಾರು 1,200 ವರ್ಷದ ಹಿಂದಿನ ಒಕ್ಕಲಿನ ಮಕ್ಕಳ ಹೆಸರು ನಮಗೆ ಗೊತ್ತು. ನಮ್ಮ ಸಂಘದ ಹಳೆಯ ಚಂದಾ ಪುಸ್ತಕಗಳು ಮಾತ್ರ ಅಟ್ಟದ ಮೇಲೆ ಮಳೆನೀರಿನಲ್ಲಿ ನೆನೆಯುತ್ತಿವೆ. ಬರುವ ಭಾನುವಾರ ಅವನ್ನು ಕೆಳಗಿಳಿಸಿ ಒಣಗಿಸಲಿದ್ದೇವೆ. ಪಾಳಿ ಇಲ್ಲದವರು ಬೆಳಿಗ್ಗೆ ಒಂಬತ್ತಕ್ಕೆ ಬರಬೇಕು.