ಲಂಗೋಟಿ ತೊಳೆಯೋರು ಯಾರು?



ಮೊಮ್ಮಗ ಹುಟ್ಟಿದಾಗ ಪುಣೆಗೆ, ಮಗನ ಮನೆಗೆ, ಹಳೆಯ ಹತ್ತಿ ಸೀರೆ ಹರಿದು ಹೊಲಿದ ಲಂಗೋಟಿಗಳ ಗಂಟು ಹೊತ್ತು ಬಂದೆ. ಸೊಸೆ ನೋಡಿ ನಕ್ಕು, "ತೊಳೆಯೋರು ಯಾರು ಅತ್ತೆ?" ಅಂದಳು. ಸಿಟ್ಟು ಬಂತು. ಈಗ ಯೋಚಿಸಿದರೆ ಅವಳು ಕೇಳಿದ್ದೇ ಸರಿ. ನಮ್ಮ ಕಾಲದಲ್ಲಿ ಎಲ್ಲ ಬಟ್ಟೆಯದೇ ಎಂದು ಹೆಮ್ಮೆಪಡುತ್ತೇವೆ, ಒಗೆದ ಕೈಗಳೆಲ್ಲ ಹೆಂಗಸರವೇ ಆಗಿದ್ದವು ಎನ್ನುವುದನ್ನು ಬಿಟ್ಟುಬಿಡುತ್ತೇವೆ.

ಆದರೆ ಒಂದು ಬೆಳಿಗ್ಗೆ ಕಸ ಒಯ್ಯುವ ಮೌಶಿ ನಮ್ಮ ಚೀಲದಿಂದ ಡೈಪರ್‌ಗಳನ್ನು ಬರಿಗೈಯಲ್ಲಿ ಬೇರೆ ಮಾಡುತ್ತಿದ್ದುದನ್ನು ಸೊಸೆಯೂ ಕಂಡಳು. ನಾವು ತೊಳೆಯಲು ಹೇಸಿದ್ದನ್ನು ಇನ್ನೊಬ್ಬಳು ಮುಟ್ಟುತ್ತಿದ್ದಳು. ಡೈಪರ್, ಪ್ಯಾಡ್‌ಗಳನ್ನು ಭದ್ರವಾಗಿ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಪುಣೆಯ ಸ್ವಚ್ಛ್ ಸಹಕಾರಿ ಸಂಸ್ಥೆಯ ಮಹಿಳೆಯರು, ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡಿ ಎಂದು ಕೇಳಿಕೊಂಡಿದ್ದರು. ನಮ್ಮ ಮನೆಯಲ್ಲಿ ಅದನ್ನೂ ಮಾಡಿರಲಿಲ್ಲ.

ಈಗ ಹಗಲು ಲಂಗೋಟಿ, ರಾತ್ರಿಗೂ ಪ್ರಯಾಣಕ್ಕೂ ಡೈಪರ್, ಚುಕ್ಕೆ ಇಟ್ಟೇ ಕಸಕ್ಕೆ. ಹೊಲಸನ್ನು ಕಮೋಡಿಗೆ ಸುರಿದು, ತಣ್ಣೀರಲ್ಲಿ ಜಾಲಾಡಿ, ಆಮೇಲೆ ಮಿಷನ್‌ಗೆ. ಸಾಫ್ಟನರ್ ಹಾಕಬೇಡಿ, ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ. ಮಳೆಗಾಲ ಮಾತ್ರ ಫಜೀತಿ! ಬಾಲ್ಕನಿಯಲ್ಲಿ ಏನೂ ಒಣಗದು, ಇಸ್ತ್ರಿ ಒತ್ತಿ ತೇವ ತೆಗೆದಿದ್ದೇನೆ. ಹಸಿ ಲಂಗೋಟಿ ಕಟ್ಟಿದರೆ ಮಗುವಿಗೆ ದದ್ದು ಏಳುತ್ತದೆ, ಅಂಥ ದಿನ ಹಟ ಬಿಟ್ಟು ಡೈಪರ್ ಹಾಕಿ.

ಒಗೆಯುವ ಪಾಳಿ ಬೆಳಿಗ್ಗೆ ಮಗನದು, ಸಂಜೆ ನನ್ನದು. ಮೊದಲ ವಾರ ಮಗರಾಯ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ತೊಳೆದ.